ಕಸ್ಟಮ್ ವಾಟರ್ ಕೂಲಿಂಗ್‌ಗೆ ಯಾವ ಕಂಟ್ರೋಲರ್, ಎಷ್ಟು ಸೆನ್ಸರ್?

ಹೊಸಹರಿವು

ಎಲ್ಲರಿಗೂ ನಮಸ್ಕಾರ. ಮೊದಲ ಸಲ ಸ್ವಂತ ಕೈಯಿಂದ ಕಂಪ್ಯೂಟರಿಗೆ ವಾಟರ್ ಕೂಲಿಂಗ್ ಲೂಪ್ (ನೀರು ಸುತ್ತುವ ದಾರಿ) ಕಟ್ಟುತ್ತಿದ್ದೇನೆ. 360 ಮಿಲಿಮೀಟರಿನ ಎರಡು ರೇಡಿಯೇಟರ್, ಅವುಗಳಿಗೆ ಆರು ಫ್ಯಾನ್, ಕ್ಯಾಬಿನೆಟ್ಟಿನ ಹಿಂಬದಿಗೆ ಇನ್ನೊಂದು, ಪಿಡಬ್ಲ್ಯುಎಂ (ವೇಗ ನಿಯಂತ್ರಿಸುವ ಸಂಕೇತ) ಇರುವ ಡಿ5 ಮಾದರಿಯ ಪಂಪ್, ಸಿಪಿಯುವಿನ ಶಾಖವನ್ನು ನೀರಿಗೆ ದಾಟಿಸಲು ಒಂದು ಬ್ಲಾಕ್, ಗ್ರಾಫಿಕ್ಸ್ ಕಾರ್ಡಿಗೆ ಒಂದು ಬ್ಲಾಕ್. ಇವುಗಳ ಆಯ್ಕೆ ಮುಗಿದಿದೆ. ಫ್ಯಾನ್‌ಗಳ ವೇಗ ನಿಯಂತ್ರಿಸುವ ಕಂಟ್ರೋಲರ್ ಮತ್ತು ಸೆನ್ಸರ್‌ಗಳ ಬಳಿ ಬಂದು ನಿಂತಿದ್ದೇನೆ.

ಈ ದಾರಿ ಹಿಡಿದದ್ದೇ ಸದ್ದಿನ ಕಾಟಕ್ಕೆ. ಈಗಿರುವ ಏರ್ ಕೂಲರ್ ಒಂದು ವೆಬ್ ಪುಟ ತೆರೆದರೂ ಗುಂಯ್ ಎಂದು ಏರುತ್ತದೆ, ಎರಡು ಸೆಕೆಂಡಿನಲ್ಲಿ ಇಳಿಯುತ್ತದೆ. ಸದ್ದು ಒಂದೇ ಮಟ್ಟದಲ್ಲಿದ್ದರೆ ಕಿವಿ ಒಗ್ಗಿಕೊಳ್ಳುತ್ತದೆ. ಈ ಏರಿಳಿತಕ್ಕೆ ಒಗ್ಗುವುದಿಲ್ಲ.

ನಾನು ಬರೆದುಕೊಂಡ ಪಟ್ಟಿ ಹೀಗಿದೆ: ಪ್ರತಿ ಬ್ಲಾಕಿನ ಹಿಂದೆ ಮುಂದೆ ಮತ್ತು ಎರಡೂ ರೇಡಿಯೇಟರ್‌ಗಳ ಬಾಯಲ್ಲಿ ಒಟ್ಟು ಆರು ತಾಪಮಾನ ಸೆನ್ಸರ್, ಒಂದು ಹರಿವಿನ ಸೆನ್ಸರ್, ಒಂದು ಒತ್ತಡದ ಸೆನ್ಸರ್, ಎಂಟು ಚಾನೆಲ್‌ಗಳ ಕಂಟ್ರೋಲರ್. ಇಷ್ಟೆಲ್ಲ ಬೇಕೇ? ಮದರ್‌ಬೋರ್ಡೇ ಸಾಕು ಎಂದು ಗೆಳೆಯನೊಬ್ಬ ಹೇಳುತ್ತಿದ್ದಾನೆ.

ತಾಮ್ರತಟ್ಟೆ

ಪಟ್ಟಿಯನ್ನು ಸ್ವಲ್ಪ ಬದಿಗಿಡಿ. ಫ್ಯಾನ್ ಯಾರ ಮಾತು ಕೇಳಬೇಕು ಎಂಬುದನ್ನು ಮೊದಲು ತೀರ್ಮಾನಿಸಿ. ಉಳಿದದ್ದೆಲ್ಲ ಅದರ ಹಿಂದೆಯೇ ಬರುತ್ತದೆ.

ನಿಮ್ಮ ಏರ್ ಕೂಲರ್ ಸಿಪಿಯು ತಾಪಮಾನದ ಮಾತು ಕೇಳುತ್ತಿದೆ. ಅದು ಕಣ್ಣು ಮಿಟುಕಿಸುವುದರೊಳಗೆ 20 ಡಿಗ್ರಿ ಜಿಗಿಯುತ್ತದೆ, ಅಷ್ಟೇ ಬೇಗ ಇಳಿಯುತ್ತದೆ. ಫ್ಯಾನ್ ಅದರ ಬೆನ್ನಟ್ಟಿ ಓಡುತ್ತದೆ. ನೀರಿನ ಸ್ವಭಾವ ಬೇರೆ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 4,186 ಜೂಲ್ ಬೇಕು. ನಿಮ್ಮ ಲೂಪಿನಲ್ಲಿ ಒಂದು ಲೀಟರ್ ಇದೆ ಎಂದುಕೊಳ್ಳಿ. 400 ವಾಟ್ ಶಾಖವೆಲ್ಲ ಆ ನೀರಿಗೇ ಇಳಿದು, ರೇಡಿಯೇಟರ್ ಒಂದಿಷ್ಟೂ ಹೊರಹಾಕದಿದ್ದರೂ ಒಂದು ಡಿಗ್ರಿ ಏರಲು ಹತ್ತು ಸೆಕೆಂಡಿಗಿಂತ ಹೆಚ್ಚು ಹಿಡಿಯುತ್ತದೆ. ವೆಬ್ ಪುಟ ತೆರೆದದ್ದು ನೀರಿಗೆ ಗೊತ್ತೇ ಆಗುವುದಿಲ್ಲ. ಅರ್ಧ ಗಂಟೆ ಆಟ ಆಡಿದರೆ ಮಾತ್ರ ಗೊತ್ತಾಗುತ್ತದೆ.

ರೇಡಿಯೇಟರಿನ ಫ್ಯಾನ್ ತಂಪಾಗಿಸುವುದು ನೀರನ್ನು, ಸಿಪಿಯುವನ್ನಲ್ಲ. ಆದ್ದರಿಂದ ಅದು ನೀರಿನ ಮಾತನ್ನೇ ಕೇಳಬೇಕು. ಈ ಒಂದು ಬದಲಾವಣೆಯಿಂದಲೇ ನಿಮ್ಮ ಸದ್ದಿನ ಕಾಟದ ಬಹುಪಾಲು ಮುಗಿಯುತ್ತದೆ.

ಇನ್ನು ಆರು ಸೆನ್ಸರ್‌ಗಳ ವಿಚಾರ. ಗಂಟೆಗೆ 200 ಲೀಟರ್ ಹರಿವಿದ್ದರೆ, 400 ವಾಟ್ ಶಾಖ ಸೇರುವ ಮೊದಲಿನ ನೀರಿಗೂ ಸೇರಿದ ನಂತರದ ನೀರಿಗೂ ಇರುವ ವ್ಯತ್ಯಾಸ 1.7 ಡಿಗ್ರಿ ಮಾತ್ರ. ಹರಿವು 60 ಲೀಟರಿಗೆ ಕುಸಿದರೆ ಅದೇ ವ್ಯತ್ಯಾಸ 5.7 ಡಿಗ್ರಿ ಆಗುತ್ತದೆ. ಹರಿವು ಚೆನ್ನಾಗಿರುವಾಗ ಲೂಪಿನ ಎಲ್ಲ ಕಡೆಯೂ ನೀರು ಹೆಚ್ಚುಕಡಿಮೆ ಒಂದೇ ಬಿಸಿ. ಆರು ಕಡೆ ಅಳೆದು ಒಂದೇ ಸುದ್ದಿಯನ್ನು ಆರು ಸಲ ಕೇಳುತ್ತೀರಿ. ಜೊತೆಗೆ, ಸೋರಬಹುದಾದ ಜಾಗಗಳು ಅಷ್ಟು ಹೆಚ್ಚುತ್ತವೆ.

ಮೌನರಾತ್ರಿ

ಫ್ಯಾನ್ ನೀರಿನ ಮಾತು ಕೇಳಲಿ ಎಂಬುದನ್ನು ಒಪ್ಪುತ್ತೇನೆ. ಅದಕ್ಕೆ ಬೇರೆ ಕಂಟ್ರೋಲರ್ ಏಕೆ? ಈಗಿನ ಅನೇಕ ಮದರ್‌ಬೋರ್ಡ್‌ಗಳಲ್ಲಿ ತಾಪಮಾನ ಸೆನ್ಸರಿಗೆಂದೇ ಎರಡು ಪಿನ್ನಿನ ಹೆಡರ್ (ವೈರ್ ಸಿಕ್ಕಿಸುವ ಜಾಗ) ಇರುತ್ತದೆ. 10 ಕಿಲೋ ಓಮ್ ಥರ್ಮಿಸ್ಟರ್ (ಬಿಸಿಗೆ ತಕ್ಕಂತೆ ರೋಧ ಬದಲಾಗುವ ಬಿಡಿಭಾಗ) ಇರುವ ಪ್ಲಗ್ ಸೆನ್ಸರನ್ನು ರೇಡಿಯೇಟರಿನ ಖಾಲಿ ಬಾಯಿಗೆ ತಿರುಗಿಸಿ, ವೈರನ್ನು ಆ ಹೆಡರಿಗೆ ಸಿಕ್ಕಿಸಿ, ಬಯೋಸ್‌ನಲ್ಲಿ (ಮದರ್‌ಬೋರ್ಡಿನ ಸ್ವಂತ ಸೆಟ್ಟಿಂಗ್‌ಗಳಲ್ಲಿ) ಫ್ಯಾನಿನ ಆಧಾರವಾಗಿ ಅದನ್ನೇ ಆರಿಸಿ. ನಾನು ಮೂರು ವರ್ಷದಿಂದ ಹೀಗೆಯೇ ಇದ್ದೇನೆ. ಯಾವ ಸಾಫ್ಟ್‌ವೇರೂ ಇಲ್ಲ, ಯುಎಸ್‌ಬಿ ವೈರೂ ಇಲ್ಲ.

ಎರಡು ವಿಷಯಗಳನ್ನು ಪರೀಕ್ಷಿಸಿಕೊಳ್ಳಿ. ಒಂದು, ಹೆಡರ್ ಇದ್ದ ಮಾತ್ರಕ್ಕೆ ಬಯೋಸ್ ಅದನ್ನು ಫ್ಯಾನಿನ ಆಧಾರವಾಗಿ ಒಪ್ಪುತ್ತದೆ ಎಂದೇನಿಲ್ಲ. ಕೆಲವು ಬೋರ್ಡುಗಳು ಅಂಕಿಯನ್ನು ತೋರಿಸುತ್ತವೆ, ಅಷ್ಟೇ. ಇನ್ನು ಕೆಲವು, ಆಯ್ದ ಫ್ಯಾನ್ ಹೆಡರ್‌ಗಳಿಗೆ ಮಾತ್ರ ಒಪ್ಪುತ್ತವೆ. ಕೊಳ್ಳುವ ಮೊದಲೇ ಕೈಪಿಡಿಯಲ್ಲಿ ಬಯೋಸ್‌ನ ಭಾಗವನ್ನು ಓದಿ. ಎರಡು, ಸಾಮಾನ್ಯ ಫ್ಯಾನ್ ಹೆಡರಿನ ಮಿತಿ 1 ಆಂಪಿಯರ್. ನಿಮ್ಮ ಫ್ಯಾನಿನ ಮೇಲೆ 0.25 ಆಂಪಿಯರ್ ಎಂದು ಬರೆದಿದ್ದರೆ ಆರು ಸೇರಿ 1.5 ಆಯಿತು. ಒಂದೇ ಹೆಡರಿಗೆ ಆರನ್ನೂ ಹಾಕಬೇಡಿ. ವಿದ್ಯುತ್ತನ್ನು ನೇರವಾಗಿ ಪವರ್ ಸಪ್ಲೈಯಿಂದ ಪಡೆಯುವ ಫ್ಯಾನ್ ಹಬ್ ಹಾಕಿದರೆ ಆಯಿತು. ಬೋರ್ಡ್ ಪಿಡಬ್ಲ್ಯುಎಂ ಸಂಕೇತವನ್ನಷ್ಟೇ ಕೊಡುತ್ತದೆ. ಹಬ್ ಒಂದೇ ಫ್ಯಾನಿನ ವೇಗವನ್ನು ಹಿಂದಕ್ಕೆ ತಿಳಿಸುತ್ತದೆ ಎಂಬುದು ನೆನಪಿರಲಿ. ಉಳಿದ ಐದರಲ್ಲಿ ಒಂದು ನಿಂತರೆ ಬೋರ್ಡಿಗೆ ಗೊತ್ತಾಗುವುದಿಲ್ಲ.

ಹೊಸಹರಿವು

ನೋಡಿದೆ. ನನ್ನ ಬೋರ್ಡಿನಲ್ಲಿ ಹೆಡರ್ ಇದೆ. ಬಯೋಸ್‌ನಲ್ಲಿ ಕ್ಯಾಬಿನೆಟ್ಟಿನ ಮೂರು ಫ್ಯಾನ್ ಹೆಡರ್‌ಗಳಿಗೆ ಅದನ್ನು ಆರಿಸಬಹುದು, ಸಿಪಿಯು ಫ್ಯಾನ್ ಹೆಡರಿಗೆ ಆಗುವುದಿಲ್ಲ. ಹಾಗಾದರೆ ಕಂಟ್ರೋಲರ್ ಬೇಡವೇ ಬೇಡವೇ?

ಕರ್ನಲ್‌ಕಟ್ಟೆ

ಆತುರ ಬೇಡ. ಬಯೋಸ್ ಕರ್ವ್‌ಗೆ (ಎಷ್ಟು ಬಿಸಿಗೆ ಫ್ಯಾನ್ ಎಷ್ಟು ವೇಗ ಎಂಬ ಗೆರೆಗೆ) ಒಂದು ಕೊರತೆ ಇದೆ: ಅದಕ್ಕೆ ಕಳೆಯುವ ಲೆಕ್ಕ ಬರುವುದಿಲ್ಲ.

ರೇಡಿಯೇಟರ್ ಎಷ್ಟೇ ದೊಡ್ಡದಿರಲಿ, ನೀರನ್ನು ಕೋಣೆಯ ಗಾಳಿಗಿಂತ ತಂಪಾಗಿಸಲು ಅದಕ್ಕೆ ಸಾಧ್ಯವಿಲ್ಲ. ಕೋಣೆ 20 ಡಿಗ್ರಿ ಇದ್ದಾಗ ನೀರು 32 ಆದರೆ ಕಂಪ್ಯೂಟರ್ ದುಡಿಯುತ್ತಿದೆ ಎಂದು ಅರ್ಥ. ಕೋಣೆಯೇ 31 ಇದ್ದಾಗ ನೀರು 32 ಆದರೆ ಅದು ಸುಮ್ಮನೆ ಕುಳಿತಿದೆ ಎಂದು ಅರ್ಥ. ಬಯೋಸ್‌ಗೆ ಎರಡೂ ಒಂದೇ. ಸೆಕೆ ಇರುವ ದಿನ ನಿಮ್ಮ ಫ್ಯಾನ್‌ಗಳು ಕೆಲಸವಿಲ್ಲದಿದ್ದರೂ ಓಡುತ್ತವೆ, ಓಡಿದರೂ ಹೆಚ್ಚೇನೂ ತಂಪಾಗುವುದಿಲ್ಲ. ನೋಡಬೇಕಾದ ಅಂಕಿ ನೀರು ಮತ್ತು ಗಾಳಿಯ ನಡುವಿನ ವ್ಯತ್ಯಾಸ. ಪೂರ್ಣ ಹೊರೆಯಲ್ಲಿ ಅದು 10 ಡಿಗ್ರಿಯ ಆಸುಪಾಸಿನಲ್ಲಿದ್ದರೆ ಒಳ್ಳೆಯ ಲೂಪ್.

ಹಾಗೆಂದು ಈ ಲೆಕ್ಕವನ್ನು ಕಂಪ್ಯೂಟರಿನ ಸಾಫ್ಟ್‌ವೇರಿಗೆ ಮಾತ್ರ ಒಪ್ಪಿಸಿ ನೆಮ್ಮದಿಯಾಗಿರಬೇಡಿ. ನಾನು ಹಾಗೆ ಮಾಡಿ ಕಲಿತಿದ್ದೇನೆ. ಒಮ್ಮೆ ಕಂಪ್ಯೂಟರನ್ನು ಸ್ಲೀಪ್‌ನಿಂದ ಎಬ್ಬಿಸಿದಾಗ ಫ್ಯಾನ್ ನಿಯಂತ್ರಿಸುವ ಪ್ರೋಗ್ರಾಂ ಏಳಲಿಲ್ಲ. ಫ್ಯಾನ್‌ಗಳು ಕೊನೆಯದಾಗಿ ಕೇಳಿದ ಆಜ್ಞೆಯನ್ನೇ ಪಾಲಿಸುತ್ತ ಶೇ. 25ರಲ್ಲಿ ನಿಂತವು. ನಾನು ವಿಡಿಯೊ ರೆಂಡರ್ ಹಚ್ಚಿ ಎದ್ದು ಹೋದೆ. ಬಂದು ನೋಡಿದಾಗ ನೀರು 58 ಡಿಗ್ರಿ. ಡಿ5 ಪಂಪಿಗೆ ಸಾಮಾನ್ಯವಾಗಿ ಹೇಳುವ ಮಿತಿಯೇ 60. ಪೈಪನ್ನು ಮುಟ್ಟಿದಾಗ ಆದ ಭಯ ಇನ್ನೂ ಹೋಗಿಲ್ಲ.

ಅಂದಿನಿಂದ ನಾನು ಕಂಟ್ರೋಲರಿಗೆ ಕೇಳುವ ಮೊದಲ ಪ್ರಶ್ನೆ: ಕಂಪ್ಯೂಟರ್ ಮೂರ್ಛೆ ಹೋದರೆ ನೀನು ಏನು ಮಾಡುತ್ತೀಯೆ? ಕರ್ವ್ ಕಂಟ್ರೋಲರಿನ ಸ್ವಂತ ಮೆಮೊರಿಯಲ್ಲಿರಬೇಕು, ನೀರಿನ ಸೆನ್ಸರ್ ನೇರವಾಗಿ ಕಂಟ್ರೋಲರಿಗೇ ಸೇರಬೇಕು. ವ್ಯತ್ಯಾಸದ ಲೆಕ್ಕ ಕಂಟ್ರೋಲರಿನೊಳಗೇ ನಡೆಯುತ್ತದೆಯೋ ಅಥವಾ ಕಂಪ್ಯೂಟರಿನಲ್ಲಿ ನಡೆದು ಯುಎಸ್‌ಬಿ ಮೂಲಕ ಬರುತ್ತದೆಯೋ ಎಂದು ಕೈಪಿಡಿಯಲ್ಲಿ ಹುಡುಕಿ. ಹೊರಗಿನಿಂದ ಬರುವುದಾದರೆ, ಬರುವುದು ನಿಂತಾಗ ಯಾವ ವೇಗಕ್ಕೆ ಮರಳಬೇಕು ಎಂದು ನಿಗದಿ ಮಾಡುವ ಸೌಲಭ್ಯ ಇದೆಯೇ ನೋಡಿ. ಚಾನೆಲ್‌ಗಳ ಎಣಿಕೆ, ಬಣ್ಣದ ದೀಪ, ಇವೆಲ್ಲ ಆಮೇಲೆ.

ಲಿನಕ್ಸ್ ಬಳಸುವವರಿಗೆ ಒಂದು ಮಾತು: ಆಕ್ವಾ ಕಂಪ್ಯೂಟರ್ ಎಂಬ ಕಂಪನಿಯ ಕಂಟ್ರೋಲರ್ ಸಾಫ್ಟ್‌ವೇರ್ ಆಕ್ವಾಸ್ವೀಟ್ ವಿಂಡೋಸ್‌ಗೆ ಮಾತ್ರ ಇದೆ. ಆದರೆ ಅವರ ಕ್ವಾಡ್ರೋ, ಆಕ್ಟೋ ಮುಂತಾದ ಕಂಟ್ರೋಲರ್‌ಗಳ ಅಂಕಿಗಳನ್ನು ಓದುವ ಡ್ರೈವರ್ ಲಿನಕ್ಸ್ ಕರ್ನಲ್‌ನಲ್ಲೇ ಇದೆ. ಬೇರೆ ಹಲವು ಕಂಪನಿಗಳ ಸಾಧನಗಳಿಗೆ ಲಿಕ್ವಿಡ್‌ಸಿಟಿಎಲ್ ಎಂಬ ಮುಕ್ತ ಸಾಫ್ಟ್‌ವೇರ್ ಕೆಲಸ ಮಾಡುತ್ತದೆ.

ಮೌನರಾತ್ರಿ

ವ್ಯತ್ಯಾಸದ ಮಾತು ಸರಿ. ನನ್ನ ಕೋಣೆಯ ತಾಪಮಾನ ವರ್ಷವಿಡೀ ಹೆಚ್ಚು ಬದಲಾಗುವುದಿಲ್ಲ, ಅದಕ್ಕೇ ನನಗೆ ಬಯೋಸ್ ಸಾಕಾಗಿದೆ. ಏರುಪೇರು ಇರುವ ಕಡೆ ಸಾಕಾಗಲಿಕ್ಕಿಲ್ಲ.

ಹೊಸಹರಿವು

ನನ್ನ ಕೋಣೆಯಲ್ಲಿ ಏರುಪೇರು ಬಹಳ. ಹಾಗಾಗಿ ಕಂಟ್ರೋಲರ್ ಕಡೆಗೇ ಒಲವು. ಆದರೆ ಎಂಟು ಚಾನೆಲ್ ಬೇಡ ಅನ್ನಿಸುತ್ತಿದೆ: ಒಂದೊಂದು ರೇಡಿಯೇಟರಿಗೆ ಒಂದು, ಹಿಂಬದಿಯ ಫ್ಯಾನಿಗೆ ಒಂದು, ಪಂಪಿಗೆ ಒಂದು. ನಾಲ್ಕು ಸಾಕಲ್ಲವೇ? ಹಾಗಾದರೆ ತಾಪಮಾನ ಸೆನ್ಸರ್ ಎರಡು: ನೀರಿಗೊಂದು, ಗಾಳಿಗೊಂದು. ಎಲ್ಲಿ ಇಡಬೇಕು? ಯಾವುದಾದರೂ ಆದೀತೇ?

ತಾಮ್ರತಟ್ಟೆ

ನಾಲ್ಕು ಧಾರಾಳವಾಗಿ ಸಾಕು. ಕ್ವಾಡ್ರೋದಲ್ಲಿ ನಾಲ್ಕು ಫ್ಯಾನ್ ಔಟ್‌ಪುಟ್, ನಾಲ್ಕು ತಾಪಮಾನ ಇನ್‌ಪುಟ್, ಒಂದು ಹರಿವಿನ ಇನ್‌ಪುಟ್ ಇವೆ. ಆಕ್ಟೋದಲ್ಲಿ ಫ್ಯಾನ್ ಔಟ್‌ಪುಟ್ ಎಂಟು. ನಿಮ್ಮ ಲೂಪಿಗೆ ಮೊದಲನೆಯ ಅಳತೆಯದೇ ಸರಿ, ಯಾವ ಕಂಪನಿಯದಾದರೂ.

ಯಾವುದಾದರೂ ಆದೀತೇ ಎಂಬ ಪ್ರಶ್ನೆಗೆ ಸ್ವಲ್ಪ ಉದ್ದವಾಗಿ ಉತ್ತರಿಸುತ್ತೇನೆ, ಏಕೆಂದರೆ ಎಡವುವವರು ಹೆಚ್ಚಾಗಿ ಇಲ್ಲೇ ಎಡವುತ್ತಾರೆ. ಪೊಟ್ಟಣದ ಮೇಲೆ 10 ಕಿಲೋ ಓಮ್ ಎಂದಿದ್ದರೆ 25 ಡಿಗ್ರಿಯಲ್ಲಿ ಅಷ್ಟು ಎಂದು ಮಾತ್ರ ಅರ್ಥ. ಬಿಸಿ ಏರಿದಂತೆ ಆ ರೋಧ ಎಷ್ಟು ಬೇಗ ಇಳಿಯುತ್ತದೆ ಎಂಬುದನ್ನು ಬೀಟಾ ಎಂಬ ಇನ್ನೊಂದು ಅಂಕಿ ಹೇಳುತ್ತದೆ. ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ಕಾಣುವವು 3435 ಮತ್ತು 3950. ನಿಮ್ಮ ಸೆನ್ಸರ್ 3950 ಆಗಿದ್ದು, ಕಂಟ್ರೋಲರ್ ಅದನ್ನು 3435 ಎಂದುಕೊಂಡರೆ 25 ಡಿಗ್ರಿಯಲ್ಲಿ ಯಾವ ತಪ್ಪೂ ಕಾಣುವುದಿಲ್ಲ. ನಿಜವಾದ ನೀರು 40 ಆದಾಗ ಪರದೆಯ ಮೇಲೆ 42.4 ಎಂದು ಬರುತ್ತದೆ. 10 ಡಿಗ್ರಿ ವ್ಯತ್ಯಾಸವನ್ನು ಗುರಿಯಾಗಿಟ್ಟುಕೊಂಡವರಿಗೆ 2.4 ಡಿಗ್ರಿಯ ಸುಳ್ಳು ದೊಡ್ಡ ಸುಳ್ಳು. ಆದ್ದರಿಂದ ಕಂಟ್ರೋಲರಿನ ಕೈಪಿಡಿ ಯಾವ ಬೀಟಾ ಕೇಳುತ್ತದೆಯೋ ಅದನ್ನೇ ಕೊಳ್ಳಿ, ನೀರಿಗೂ ಗಾಳಿಗೂ ಒಂದೇ ಬಗೆಯ ಸೆನ್ಸರ್ ಇರಲಿ.

ಲೂಪಿಗೆ ಜೋಡಿಸುವ ಮೊದಲು ಎರಡನ್ನೂ ಕಂಟ್ರೋಲರಿಗೆ ಸಿಕ್ಕಿಸಿ, ಅವುಗಳ ತುದಿಗಳನ್ನು ಒಂದೇ ಲೋಟದ ನೀರಿನಲ್ಲಿ ಅದ್ದಿ, ಕಲಕಿ. ಗಾಳಿಯ ಸೆನ್ಸರ್ ಬರಿಯ ವೈರ್ ಆಗಿದ್ದರೆ ತೆಳು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅದ್ದಿ. ಎರಡೂ ಒಂದೇ ಅಂಕಿ ತೋರಿಸಬೇಕು. ತೋರಿಸದಿದ್ದರೆ ಇರುವ ವ್ಯತ್ಯಾಸವನ್ನು ಕಂಟ್ರೋಲರಿನ ತಿದ್ದುಪಡಿ ಖಾನೆಯಲ್ಲಿ ತುಂಬಿ. ಉಗುರುಬೆಚ್ಚಗಿನ ನೀರಿನಲ್ಲಿ, 40ರ ಸುಮಾರಿನಲ್ಲಿ ಇನ್ನೊಮ್ಮೆ ಮಾಡಿ. ಅರ್ಧ ಗಂಟೆಯ ಕೆಲಸ, ವರ್ಷಗಟ್ಟಲೆ ನೆಮ್ಮದಿ ಕೊಡುತ್ತದೆ.

ಜಾಗದ ಬಗ್ಗೆ: ನೀರಿನದು ನೀರು ಹರಿದು ಹೋಗುವ ದಾರಿಯಲ್ಲಿರಲಿ. ರೇಡಿಯೇಟರಿನ ಖಾಲಿ ಬಾಯಿಯ ಮೂಲೆಯಲ್ಲಿ ನೀರು ನಿಂತಿರುತ್ತದೆ, ಅಲ್ಲಿ ಅಂಕಿ ತಡವಾಗಿ ಏರುತ್ತದೆ. ಕೆಲಸ ನಡೆಯುತ್ತದೆ, ಆದರೆ ದಾರಿಯಲ್ಲಿರುವುದು ಮೇಲು. ಗಾಳಿಯದು, ರೇಡಿಯೇಟರ್ ಗಾಳಿಯನ್ನು ಎಳೆದುಕೊಳ್ಳುವ ಬಾಯಲ್ಲಿ, ಲೋಹಕ್ಕೆ ತಾಗದಂತೆ. ಕ್ಯಾಬಿನೆಟ್ಟಿನ ಒಳಗೆ ಇಟ್ಟರೆ ಅದು ಅಳೆಯುವುದು ಕೋಣೆಯನ್ನಲ್ಲ.

ಹೊಸಹರಿವು

ಗಾಳಿಯ ಸೆನ್ಸರಿನ ವೈರ್ ಚಿಕ್ಕದು. ಉದ್ದ ಮಾಡಿದರೆ ಅಳತೆ ಕೆಡುತ್ತದೆಯೇ?

ತಾಮ್ರತಟ್ಟೆ

ಕೆಡುವುದಿಲ್ಲ. 25 ಡಿಗ್ರಿಯ ಬಳಿ ಒಂದು ಡಿಗ್ರಿಗೆ 400 ಓಮ್‌ನಷ್ಟು ಬದಲಾಗುತ್ತದೆ. ಒಂದು ಮೀಟರ್ ವೈರ್ ಸೇರಿಸುವುದು ಒಂದು ಓಮ್‌ಗಿಂತಲೂ ಕಡಿಮೆ.

ಹನಿಲೆಕ್ಕ

ಹರಿವಿನ ಸೆನ್ಸರ್ ಬಗ್ಗೆ ಯಾರೂ ಮಾತೆತ್ತಿಲ್ಲ. ನನ್ನ ಮಟ್ಟಿಗೆ ಅದೇ ಲೂಪಿನ ಪ್ರಾಣ ಕಾಯುವ ಸೆನ್ಸರ್.

ಪಂಪ್ ನಿಂತಿತು ಎಂದುಕೊಳ್ಳಿ. ನೀರಿನ ತಾಪಮಾನ ಸೆನ್ಸರ್ ಏನು ಹೇಳುತ್ತದೆ? ಏನೂ ಹೇಳುವುದಿಲ್ಲ. ಬಿಸಿನೀರು ಅದರ ಬಳಿಗೆ ಬಂದರೆ ತಾನೇ ಹೇಳುವುದು! ರೇಡಿಯೇಟರಿನಲ್ಲಿ ನಿಂತ ನೀರು ತಣ್ಣಗಾಗುತ್ತ ಹೋಗುತ್ತದೆ, ಅಂಕಿ ಇಳಿಯುತ್ತದೆ, ಫ್ಯಾನ್‌ಗಳು ನಿಧಾನವಾಗುತ್ತವೆ. ಅದೇ ಹೊತ್ತಿನಲ್ಲಿ ಬ್ಲಾಕಿನೊಳಗಿನ ಒಂದು ಹಿಡಿ ನೀರು ಕುದಿಯುವತ್ತ ಸಾಗಿರುತ್ತದೆ. 30 ಮಿಲಿಲೀಟರ್ ನೀರಿಗೆ 200 ವಾಟ್ ಬಿದ್ದರೆ ಸೆಕೆಂಡಿಗೆ ಒಂದೂವರೆ ಡಿಗ್ರಿಗೂ ಹೆಚ್ಚು ಏರುತ್ತದೆ. ಸಿಪಿಯು ತನ್ನ ಮಿತಿ ತಲುಪಿದಾಗ ತಾನೇ ವೇಗ ತಗ್ಗಿಸಿ ಉಳಿದುಕೊಳ್ಳುತ್ತದೆ. ಬ್ಲಾಕಿನ ಪಕ್ಕದ ಪೈಪು, ರಬ್ಬರ್ ಉಂಗುರಗಳಿಗೆ ಆ ಉಪಾಯ ಗೊತ್ತಿಲ್ಲ.

ಮೌನರಾತ್ರಿ

ಹರಿವಿನ ಸೆನ್ಸರಿನೊಳಗೆ ತಿರುಗುವ ಚಕ್ರ ಇದೆ. ಸವೆಯುತ್ತದೆ, ಕಸ ಸಿಕ್ಕಿದರೆ ನಿಲ್ಲುತ್ತದೆ, ಕೆಲವು ಕಟಕಟ ಎನ್ನುತ್ತವೆ. ಪಂಪಿನ ವೇಗದ ಸಂಕೇತ ಮದರ್‌ಬೋರ್ಡಿಗೆ ಹೇಗೂ ಬರುತ್ತದೆ. ಪಂಪ್ ನಿಂತರೆ ಅದು ಸೊನ್ನೆಯಾಗುತ್ತದೆ. ಸಾಲದೇ?

ಹನಿಲೆಕ್ಕ

ಪಂಪ್ ನಿಂತರೆ ಆ ಸಂಕೇತ ಸಾಕು. ಪಂಪ್ ನಿಲ್ಲದೆ ಹರಿವು ನಿಂತರೆ? ನನಗೆ ಆಗಿದ್ದು ಅದೇ. ಮೆದು ಪೈಪೊಂದು ಮೂಲೆಯಲ್ಲಿ ನಿಧಾನವಾಗಿ ಮಡಚಿಕೊಂಡಿತ್ತು. ಪಂಪ್ ತನ್ನ ಪಾಡಿಗೆ ಸರಿಯಾದ ವೇಗ ತೋರಿಸುತ್ತಲೇ ಇತ್ತು. ಹರಿವು ಮಾತ್ರ 180 ಲೀಟರಿನಿಂದ 50ಕ್ಕೆ ಇಳಿದಿತ್ತು. ನೀರು ಸೋರಿ ತೊಟ್ಟಿ ಖಾಲಿಯಾದರೂ ಹಾಗೆಯೇ: ತಳ್ಳಲು ನೀರಿಲ್ಲದ ಪಂಪ್ ಇನ್ನೂ ಹಗುರಾಗಿ ತಿರುಗುತ್ತದೆ.

ನೀವು ಹೇಳಿದ ಸವೆತ ನಿಜ. ಅದಕ್ಕೇ ಹರಿವಿನ ಅಂಕಿಯನ್ನು ಎಚ್ಚರಿಕೆಗೆ ಮಾತ್ರ ಬಳಸಿ, ಪಂಪಿನ ವೇಗವನ್ನು ಅದಕ್ಕೆ ಕಟ್ಟಬೇಡಿ. ಎಚ್ಚರಿಕೆಯ ಮಿತಿ ಮಾಮೂಲು ಹರಿವಿನ ಅರ್ಧದಷ್ಟಿರಲಿ, ಹತ್ತು ಸೆಕೆಂಡಿನ ತಡ ಇರಲಿ. ಇಲ್ಲದಿದ್ದರೆ ಒಂದು ಗಾಳಿಗುಳ್ಳೆ ಹಾದುಹೋದರೂ ಕಂಪ್ಯೂಟರ್ ಆರಿಹೋಗುತ್ತದೆ. ಎಚ್ಚರಿಕೆಯ ಔಟ್‌ಪುಟ್ ಇರುವ ಸಾಧನವಾದರೆ ಅದನ್ನು ಪವರ್ ಬಟನ್ನಿನ ಎರಡು ಪಿನ್‌ಗಳಿಗೆ ಸಮಾಂತರವಾಗಿ ಜೋಡಿಸಿ. ಬಟನ್ ಅನ್ನು ನಾಲ್ಕು ಸೆಕೆಂಡಿಗಿಂತ ಹೆಚ್ಚು ಒತ್ತಿ ಹಿಡಿದರೆ ಕಂಪ್ಯೂಟರ್ ಆರುತ್ತದಲ್ಲ, ಇದೂ ಹಾಗೆಯೇ. ವಿಂಡೋಸ್ ಸ್ತಬ್ಧವಾಗಿದ್ದರೂ ಕೆಲಸ ಮಾಡುತ್ತದೆ.

ಕೊಳ್ಳುವಾಗ, ಒಂದು ಲೀಟರಿಗೆ ಎಷ್ಟು ಪಲ್ಸ್ ಎಂದು ಬರೆದಿರುವುದನ್ನೇ ಕೊಳ್ಳಿ. ಆಕ್ವಾ ಕಂಪ್ಯೂಟರಿನ ಹೈ ಫ್ಲೋ ಸೆನ್ಸರಿಗೆ ಅದು 169. ಬೇರೆಯದಕ್ಕೆ ಬೇರೆ. ಈ ಅಂಕಿಯನ್ನು ಕಂಟ್ರೋಲರಿಗೆ ತಪ್ಪಾಗಿ ಕೊಟ್ಟರೆ ಹರಿವಿನ ಲೆಕ್ಕವೆಲ್ಲ ತಪ್ಪು. ಗಾಜಿನ ಹಿಂದೆ ಚಕ್ರ ತಿರುಗುವುದನ್ನು ಮಾತ್ರ ತೋರಿಸುವ, ವೈರೇ ಇಲ್ಲದ ಸೆನ್ಸರ್‌ಗಳೂ ಇವೆ. ನೀವು ಎದುರಿಗೆ ಕುಳಿತಿದ್ದರೆ ಮಾತ್ರ ಅವು ಉಪಯೋಗ.

ಮೌನರಾತ್ರಿ

ಮಡಚಿದ ಪೈಪಿನ ಸಂಗತಿ ನಾನು ಯೋಚಿಸಿರಲಿಲ್ಲ. ನನ್ನದೂ ಮೆದು ಪೈಪೇ. ಈ ವಾರವೇ ಒಂದು ಹರಿವಿನ ಸೆನ್ಸರ್ ಹಾಕುತ್ತೇನೆ.

ಹೊಸಹರಿವು

ಒತ್ತಡದ ಸೆನ್ಸರ್ ಬೇಕೆಂದು ಯಾರೂ ಹೇಳಲಿಲ್ಲ, ಅದು ಪಟ್ಟಿಯಿಂದ ಹೊರಗೆ ಹೋಯಿತು, ಹರಿವಿನದು ಉಳಿಯಿತು. ಪಂಪನ್ನು ಎಲ್ಲಿಗೆ ಜೋಡಿಸಲಿ?

ಕರ್ನಲ್‌ಕಟ್ಟೆ

ವಿದ್ಯುತ್ತು ನೇರವಾಗಿ ಪವರ್ ಸಪ್ಲೈಯಿಂದ. ಡಿ5 ಸುಮಾರು 23 ವಾಟ್‌ವರೆಗೆ ಎಳೆಯಬಲ್ಲದು, 1 ಆಂಪಿಯರ್ ಹೆಡರಿಗೆ ಅದು ಅತಿಯಾಯಿತು. ಪಿಡಬ್ಲ್ಯುಎಂ ವೈರ್ ಮಾತ್ರ ಹೆಡರಿಗೆ.

ನಾನಾದರೆ ಆ ವೈರನ್ನು ಕಂಟ್ರೋಲರಿಗೆ ಕೊಡದೆ ಮದರ್‌ಬೋರ್ಡಿನ ಸಿಪಿಯು ಫ್ಯಾನ್ ಹೆಡರಿಗೆ ಸಿಕ್ಕಿಸಿ, ಬಯೋಸ್‌ನಲ್ಲಿ ಅದಕ್ಕೆ ಒಂದೇ ಸ್ಥಿರ ವೇಗ ನಿಗದಿ ಮಾಡುತ್ತೇನೆ. ಅಲ್ಲಿ ಫ್ಯಾನ್ ಸಂಕೇತ ಬಾರದಿದ್ದರೆ ಅನೇಕ ಬೋರ್ಡುಗಳು ಶುರುವಿನಲ್ಲೇ ತಡೆದು ನಿಲ್ಲಿಸುತ್ತವೆ. ಅಂಥ ಬೋರ್ಡಿನಲ್ಲಿ ಪಂಪ್ ತಿರುಗದೆ ಕಂಪ್ಯೂಟರ್ ಏಳುವುದೇ ಇಲ್ಲ. ಬಿಟ್ಟಿ ಕಾವಲುಗಾರ.

ವೇಗವನ್ನು ಸ್ಥಿರವಾಗಿಡಲು ಕಾರಣವಿದೆ. ಗಂಟೆಗೆ 200 ಲೀಟರಿನ ಆಸುಪಾಸು ಮುಟ್ಟಿದ ಮೇಲೆ ಹರಿವು ಹೆಚ್ಚಿಸಿದರೆ ಸಿಗುವ ಲಾಭ ಬಹಳ ಕಡಿಮೆ, ಸದ್ದು ಮಾತ್ರ ಹೆಚ್ಚುತ್ತದೆ. ನಿಮಗೆ ಕೇಳಿಸದ ಗರಿಷ್ಠ ವೇಗ ಹುಡುಕಿ, ಅಲ್ಲೇ ಬಿಡಿ. ಇನ್ನೊಂದು: ಪಿಡಬ್ಲ್ಯುಎಂ ಸಂಕೇತ ಇಲ್ಲದಾಗ ಸಾಮಾನ್ಯ ಫ್ಯಾನ್ ಪೂರ್ಣ ವೇಗದಲ್ಲಿ ಓಡುತ್ತದೆ. ಡಿ5 ಪಂಪುಗಳಲ್ಲಿ ಕೆಲವು ಹಾಗೆ ಓಡುವುದಿಲ್ಲ, ಸುಮಾರು ಶೇ. 60ರಲ್ಲಿ ನಿಲ್ಲುತ್ತವೆ. ವೈರ್ ಕಿತ್ತು ನೋಡಿ, ನಿಮ್ಮದು ಯಾವ ಜಾತಿ ಎಂದು ತಿಳಿದಿರಲಿ.

ಹೊಸಹರಿವು (ಮೂರು ವಾರಗಳ ನಂತರ)

ಲೂಪ್ ತುಂಬಿದೆ, ಸೋರಿಕೆ ಇಲ್ಲ. ನಾಲ್ಕು ಚಾನೆಲ್‌ಗಳ ಕಂಟ್ರೋಲರ್, ಒಂದು ನೀರಿನ ಸೆನ್ಸರ್, ಒಂದು ಗಾಳಿಯ ಸೆನ್ಸರ್, ಒಂದು ಹರಿವಿನ ಸೆನ್ಸರ್. ಪಂಪ್ ಸಿಪಿಯು ಫ್ಯಾನ್ ಹೆಡರಿನಲ್ಲಿದೆ.

ಲೋಟದ ಪರೀಕ್ಷೆ ಮಾಡಿದ್ದು ಒಳ್ಳೆಯದಾಯಿತು. ತಣ್ಣೀರಿನಲ್ಲಿ ಎರಡೂ ಜೊತೆಗಿದ್ದವು, ಬೆಚ್ಚಗಿನ ನೀರಿನಲ್ಲಿ ಎರಡು ಡಿಗ್ರಿಗಿಂತ ಹೆಚ್ಚು ಬೇರೆಯಾದವು. ಪ್ಲಗ್ ಸೆನ್ಸರ್ ಬೇರೆ ಬೀಟಾದ್ದು. ಪೊಟ್ಟಣದ ಮೇಲೆ ಏನೂ ಬರೆದಿರಲಿಲ್ಲ. ಬದಲಾಯಿಸಿದೆ.

ಈಗ ವ್ಯತ್ಯಾಸ 4 ಡಿಗ್ರಿವರೆಗೆ ಫ್ಯಾನ್ ಶೇ. 25, 10 ಡಿಗ್ರಿಗೆ ಶೇ. 55, ಅಲ್ಲಿಂದ ಮೇಲೆ ಕಡಿದಾದ ಏರು. ಒಂದು ಗಂಟೆ ಪೂರ್ಣ ಹೊರೆ ಕೊಟ್ಟೆ: ಗಾಳಿ 27, ನೀರು 37, ಹರಿವು 190 ಲೀಟರ್. ಫ್ಯಾನ್‌ಗಳು ಏರಿದ್ದು ಕಿವಿಗೆ ಗೊತ್ತೇ ಆಗಲಿಲ್ಲ, ಅಷ್ಟು ನಿಧಾನವಾಗಿ ಏರಿದವು. ವೆಬ್ ಪುಟ ತೆರೆದರೆ ಕದಲುವುದೇ ಇಲ್ಲ. ಇಷ್ಟು ದಿನ ಇದನ್ನೇ ಅಲ್ಲವೇ ನಾನು ಹುಡುಕುತ್ತಿದ್ದದ್ದು!

ನನ್ನ ಕಂಟ್ರೋಲರಿನಲ್ಲಿ ವ್ಯತ್ಯಾಸದ ಲೆಕ್ಕ ಕಂಪ್ಯೂಟರಿನಿಂದ ಬರುತ್ತದೆ. ಹೊರೆ ಇದ್ದಾಗಲೇ ಬೇಕೆಂದು ಪ್ರೋಗ್ರಾಂ ಮುಚ್ಚಿದೆ. ಕೆಲವೇ ಸೆಕೆಂಡುಗಳಲ್ಲಿ ಫ್ಯಾನ್‌ಗಳು ನಾನು ನಿಗದಿ ಮಾಡಿದ್ದ ಶೇ. 70ಕ್ಕೆ ಏರಿದವು. ಸದ್ದಾಯಿತು, ಆದರೆ ಆ ಸದ್ದು ಕೇಳಿ ಸಮಾಧಾನವಾಯಿತು.

ಕರ್ನಲ್‌ಕಟ್ಟೆ

ಬಹಳ ಸಂತೋಷ. ಇನ್ನೊಂದು ಪರೀಕ್ಷೆ ಉಳಿದಿದೆ: ನೀರಿನ ಸೆನ್ಸರಿನ ವೈರನ್ನೇ ಕಿತ್ತು ನೋಡಿ. ಈ ಥರ್ಮಿಸ್ಟರ್‌ಗಳ ರೋಧ ತಣ್ಣಗಾದಷ್ಟೂ ಹೆಚ್ಚುತ್ತದೆ. ವೈರ್ ಕಡಿದರೆ ರೋಧ ಅನಂತ. ದಡ್ಡ ಕಂಟ್ರೋಲರ್ ಅದನ್ನು ವಿಪರೀತ ಚಳಿ ಎಂದುಕೊಂಡು ಫ್ಯಾನ್‌ಗಳನ್ನು ಕನಿಷ್ಠಕ್ಕೆ ಇಳಿಸಿಬಿಡುತ್ತದೆ.

ಹೊಸಹರಿವು

ಈಗ ತಾನೇ ಕಿತ್ತೆ. ಅಂಕಿಯ ಜಾಗದಲ್ಲಿ ಗೆರೆ ಬಂತು, ಫ್ಯಾನ್‌ಗಳು ಶೇ. 70ಕ್ಕೆ ಹೋದವು. ಗಾಳಿಯ ಸೆನ್ಸರ್ ಕಿತ್ತಾಗಲೂ ಹಾಗೆಯೇ ಆಯಿತು. ಎರಡನ್ನೂ ಮತ್ತೆ ಸಿಕ್ಕಿಸಿ, ವೈರ್‌ಗಳನ್ನು ಕ್ಯಾಬಿನೆಟ್ಟಿನ ಬದಿಗೆ ಕಟ್ಟಿ, ಮುಚ್ಚಳ ಹಾಕಿದ್ದೇನೆ.